ಬಿರುಸು, ವೈರಸ್ಸು, ವೈರಾಣು: ಒಂದು ರೋಗಶಬ್ದದ ವಲಸೆ

೨೦೨೦ನೆಯ ಇಸವಿಯ ಬೇಸಗೆಯಲ್ಲಿ ವಾಶಿಯ ಕನ್ನಡಿಗರು ಒಂದೇ ರೋಗಕಾರಣವನ್ನು ನಾಲ್ಕು ಹೆಸರುಗಳಿಂದ ಕೇಳಬೇಕಾಯಿತು. ಮರಾಠಿಯ ಸರಕಾರೀ ಪ್ರಕಟನೆಗಳಲ್ಲಿ ಅದು ‘ವಿಷಾಣೂ’; ಸಗಟು ಮಾರುಕಟ್ಟೆಯ ಹಿಂದಿಯಲ್ಲಿ ‘ವಾಯರಸ್’; ಕನ್ನಡ ಪತ್ರಿಕೆಗಳ ಒಂದು ಪುಟದಲ್ಲಿ ‘ವೈರಸ್’, ಮತ್ತೊಂದು ಪುಟದಲ್ಲಿ ‘ವೈರಾಣು’. ಸಿಡ್ಕೋದ ಪ್ರದರ್ಶನ ಭವನವು ರೋಗಿಗಳ ಆರೈಕೆಯ ಕೇಂದ್ರವಾಗಿ ಮಾರ್ಪಟ್ಟಿದ್ದ, ಮಾರುಕಟ್ಟೆಯೇ ಮೇ ತಿಂಗಳಲ್ಲಿ ಕೆಲವು ದಿನ ಬಾಗಿಲು ಹಾಕಿದ್ದ ಆ ಸಮಯದಲ್ಲಿ ಶಬ್ದವಿಚಾರಕ್ಕೆ ಯಾರಿಗೂ ಬಿಡುವಿರಲಿಲ್ಲ. ಆಪತ್ತು ಸರಿದ ಮೇಲೆ ಪ್ರಶ್ನೆ ಮಾತ್ರ ಉಳಿದಿದೆ. ಈ ನಾಲ್ಕು ರೂಪಗಳು ನಾಲ್ಕು ಬೇರೆ ಬೇರೆ ಶಬ್ದಗಳೇ, ಅಥವಾ ಒಂದೇ ಶಬ್ದದ ನಾಲ್ಕು ವೇಷಗಳೇ? ಇವುಗಳಲ್ಲಿ ಯಾವುದನ್ನು ಕನ್ನಡವು ತನ್ನದೆಂದು ಇಟ್ಟುಕೊಳ್ಳತಕ್ಕದ್ದು?

ಈ ಪ್ರಶ್ನೆಯನ್ನು ಬಿಡಿಸುವುದಕ್ಕೆ ದೂರದ ಒಂದು ಭಾಷೆಯ ಉದಾಹರಣೆ ನೆರವಾಗುತ್ತದೆ. ಕೊರಿಯದ ಭಾಷೆಯಲ್ಲಿಯೂ ಇದೇ ರೋಗಕಾರಣಕ್ಕೆ ಎರಡು ಹೆಸರುಗಳಿವೆ. ದಕ್ಷಿಣದವರು ‘ಬಾಇರೊಸು’ ಎನ್ನುತ್ತಾರೆ. ಉತ್ತರದವರು ‘ಬಿರುಸು’ ಎನ್ನುತ್ತಾರೆ. ಎರಡೂ ಎರವಿನ ಶಬ್ದಗಳು; ಎರಡರ ಮೂಲವೂ ಒಂದೇ. ಆದರೂ ಅವು ಬಂದ ದಾರಿಗಳು ಬೇರೆ, ಆ ದಾರಿಗಳಲ್ಲಿ ಒಂದು ದೇಶದ ನೂರು ವರ್ಷಗಳ ಇತಿಹಾಸವೇ ಅಡಗಿದೆ. ಆ ಇತಿಹಾಸದೊಡನೆ ಕನ್ನಡದ ಅನುಭವವನ್ನು ಹೋಲಿಸಿ ನೋಡುವುದು ಈ ಲೇಖನದ ಉದ್ದೇಶ.

೧. ಮೂಲಧಾತುವಿನ ವಿಚಾರ

ಲ್ಯಾಟಿನ್ ಭಾಷೆಯಲ್ಲಿ ‘ವೀರುಸ್’ ಎಂದರೆ ಲೋಳೆಯಾದ ದ್ರವ, ಹಾವಿನ ವಿಷ, ಕೆಟ್ಟ ರಸ. ಪುರಾತನ ಲ್ಯಾಟಿನ್ನಿನಲ್ಲಿ ಇದರ ಉಚ್ಚಾರ ‘ವೀರುಸ್’ ಎನ್ನುವುದಕ್ಕಿಂತ ‘ಉಈರುಸ್’ ಎಂಬುದಕ್ಕೆ ಹತ್ತಿರವಾಗಿತ್ತು. ವರ್ಜಿಲ್ ಕವಿಯು ತನ್ನ ಕೃಷಿಕಾವ್ಯದಲ್ಲಿ ಹಾವುಗಳ ವಿಷಕ್ಕೆ ಈ ಶಬ್ದವನ್ನು ಬಳಸಿದ್ದಾನೆ. ಕ್ರಿಸ್ತಶಕದ ಒಂದನೆಯ ಶತಮಾನದ ವೈದ್ಯಗ್ರಂಥಕಾರ ಸೆಲ್ಸಸ್, ಹುಚ್ಚುನಾಯಿಯ ಕಡಿತದಿಂದ ಮೈಗೆ ಹೊಕ್ಕದ್ದನ್ನು ಹೀರಿ ತೆಗೆಯಬೇಕೆಂದು ಹೇಳುವಾಗಲೂ ಇದೇ ಶಬ್ದವನ್ನು ಬರೆದಿದ್ದಾನೆ.

ಸಂಸ್ಕೃತದ ‘ವಿಷ’ ಶಬ್ದವೂ ಲ್ಯಾಟಿನ್ನಿನ ‘ವೀರುಸ್’ ಶಬ್ದವೂ ಒಂದೇ ಬೇರಿನ ಎರಡು ಕವಲುಗಳೆಂಬುದು ತೌಲನಿಕ ಭಾಷಾಶಾಸ್ತ್ರದ ನಿಶ್ಚಿತ ನಿರ್ಣಯ. ಮೇಲ್ನೋಟಕ್ಕೆ ಷಕಾರ ಎಲ್ಲಿ, ರಕಾರ ಎಲ್ಲಿ ಎಂದು ಸಂದೇಹ ಬರುವುದು ಸಹಜ. ಆದರೆ ಎರಡಕ್ಕೂ ಮೂಲದಲ್ಲಿ ಸಕಾರವೇ ಇತ್ತು. ಸಂಸ್ಕೃತದಲ್ಲಿ ಇಕಾರದ ಮುಂದೆ ಬಂದ ಪ್ರತ್ಯಯದ ಸಕಾರವು ಷಕಾರವಾಗುವುದನ್ನು ವ್ಯಾಕರಣವನ್ನು ಓದಿದವರೆಲ್ಲರೂ ಬಲ್ಲರು: ‘ಲತಾಸು’ ಎಂಬಲ್ಲಿ ಸಕಾರ ಉಳಿಯುತ್ತದೆ, ‘ಅಗ್ನಿಷು’ ಎಂಬಲ್ಲಿ ಷಕಾರವಾಗುತ್ತದೆ. ಅದೇ ಪ್ರವೃತ್ತಿ ‘ವಿಷ’ದಲ್ಲಿಯೂ ಕೆಲಸ ಮಾಡಿದೆ. ಲ್ಯಾಟಿನ್ನಿನಲ್ಲಾದರೋ ಎರಡು ಸ್ವರಗಳ ನಡುವೆ ಸಿಕ್ಕಿದ ಸಕಾರವು ರಕಾರವಾಗುತ್ತದೆ. ಸಂಸ್ಕೃತದ ‘ಸ್ನುಷಾ’ ಎಂಬುದಕ್ಕೆ ಸರಿಯಾಗಿ ಲ್ಯಾಟಿನ್ನಿನಲ್ಲಿ ‘ನುರುಸ್’ ಎಂಬ ರೂಪವಿರುವುದು ಈ ನಿಯಮದಿಂದಲೇ. ಸ್ನುಷಾ ಎಂದರೆ ಸೊಸೆ. ಮಹಾರಾಷ್ಟ್ರದ ಮನೆಮನೆಯಲ್ಲಿ ಕೇಳಿಬರುವ ‘ಸೂನ್’ ಎಂಬ ಮರಾಠಿ ಶಬ್ದ ಇದರ ಸಂತಾನವೇ. ಸ್ನುಷಾ ಮತ್ತು ನುರುಸ್ ಎಂಬ ಜೋಡಿಗೂ, ವಿಷ ಮತ್ತು ವೀರುಸ್ ಎಂಬ ಜೋಡಿಗೂ ಇರುವ ಸಾಮ್ಯ ಆಕಸ್ಮಿಕವಲ್ಲ. ಗ್ರೀಕಿನಲ್ಲಿ ಮೊದಲಿನ ವಕಾರವೂ ನಡುವಿನ ಸಕಾರವೂ ಎರಡೂ ಅಳಿದು ‘ಈಒಸ್’ ಎಂಬ ರೂಪ ಉಳಿಯಿತು. ಅದರ ಅರ್ಥವೂ ವಿಷವೆಂದೇ.

ಇದರಿಂದ ಒಂದು ಸಂಗತಿ ತಿಳಿದುಬರುತ್ತದೆ. ವಾಶಿಯ ಗೋಡೆಯ ಮೇಲಿನ ‘ವಿಷಾಣೂ’ ಎಂಬ ಸಂಸ್ಕೃತರೂಪವೂ, ಅದರ ಕೆಳಗೆ ಬರೆದ ‘ವಾಯರಸ್’ ಎಂಬ ಆಂಗ್ಲರೂಪವೂ ಸಹಸ್ರಾರು ವರ್ಷಗಳ ಹಿಂದೆ ಅಗಲಿದ ಬಂಧುಗಳು. ಒಂದು ಪೂರ್ವದ ದಾರಿಯಿಂದಲೂ ಇನ್ನೊಂದು ಪಶ್ಚಿಮದ ದಾರಿಯಿಂದಲೂ ಬಂದು ಒಂದೇ ಫಲಕದಲ್ಲಿ ಎದುರಾಗಿವೆ.

೨. ವಿಷದಿಂದ ಕಣಕ್ಕೆ

ಶಬ್ದ ಹಳೆಯದಾದರೂ ಅದರ ಈಗಿನ ಅರ್ಥ ತೀರ ಹೊಸತು. ಇಂಗ್ಲಿಷಿಗೆ ಅದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಬಂದಾಗ ವಿಷ, ಕೀವು ಎಂಬ ಅರ್ಥಗಳೇ ಇದ್ದವು. ಹದಿನೆಂಟನೆಯ ಶತಮಾನದಲ್ಲಿ, ಒಬ್ಬರಿಂದೊಬ್ಬರಿಗೆ ರೋಗವನ್ನು ಹಬ್ಬಿಸುವ ವಸ್ತು ಎಂಬ ಅರ್ಥ ಸೇರಿತು. ಎಡ್ವರ್ಡ್ ಜೆನ್ನರ್ ೧೭೯೮ರಲ್ಲಿ ಪ್ರಕಟಿಸಿದ ಗೋಸಿಡುಬಿನ ಗ್ರಂಥದಲ್ಲಿ, ಹಸುವಿನ ಕೆಚ್ಚಲಿನ ಗುಳ್ಳೆಯ ರಸವನ್ನು ಇದೇ ಶಬ್ದದಿಂದ ಕರೆದನು.

ಆ ರಸವು ವಿಯೆನ್ನಾ, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಯನ್ನು ತಲುಪಿತು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಲಾಯಿತು. ಭಾರತದಲ್ಲಿ ಯಶಸ್ವಿಯಾದ ಮೊದಲ ಗೋಸಿಡುಬಿನ ಲಸಿಕೆ ಅದೇ. ಆಗಿನ ವೈದ್ಯರು ಬರೆದ ‘ವೈರಸ್’ ಎಂದರೆ ಗಾಜಿನ ಬಿಲ್ಲೆಗಳ ನಡುವೆಯೋ ದಾರದ ಎಳೆಯ ಮೇಲೆಯೋ ಒಣಗಿಸಿ ಸಾಗಿಸಬಹುದಾದ, ಕಣ್ಣಿಗೆ ಕಾಣುವ ರಸ. ಅದರೊಳಗೆ ಅದೃಶ್ಯವಾದ ಕಣವೊಂದಿದೆಯೆಂಬ ಕಲ್ಪನೆ ಅವರಿಗಿರಲಿಲ್ಲ. ಲೂಯಿ ಪಾಶ್ಚರ್ ೧೮೮೫ರಲ್ಲಿ ಹುಚ್ಚುನಾಯಿಯ ಕಡಿತಕ್ಕೆ ಚಿಕಿತ್ಸೆ ಕೊಟ್ಟಾಗಲೂ ಈ ಶಬ್ದ ಎಲ್ಲ ಬಗೆಯ ಸೋಂಕುಕಾರಣಗಳಿಗೂ ಸಾಮಾನ್ಯವಾಗಿತ್ತು.

ಅರ್ಥವು ಸಂಕುಚಿತವಾದದ್ದು ಒಂದು ಸೋಸುವ ಪಾತ್ರೆಯಿಂದ. ಪಾಶ್ಚರನ ಸಹಾಯಕ ಶಾಂಬರ್ಲಾನ್ ೧೮೮೪ರಲ್ಲಿ ಪಿಂಗಾಣಿಯ ಸೋಸುಗವೊಂದನ್ನು ರಚಿಸಿದನು. ಅದರ ರಂಧ್ರಗಳಲ್ಲಿ ಬ್ಯಾಕ್ಟೀರಿಯಾಗಳು ತೂರಲಾರವು. ೧೮೯೨ರಲ್ಲಿ ರಷ್ಯದ ಇವಾನೋವ್‌ಸ್ಕಿ ರೋಗ ತಗಲಿದ ಹೊಗೆಸೊಪ್ಪಿನ ರಸವನ್ನು ಇದರಲ್ಲಿ ಸೋಸಿದಾಗ, ಸೋಸಿದ ತಿಳಿರಸವೂ ರೋಗವನ್ನು ಹಬ್ಬಿಸಿತು. ೧೮೯೮ರಲ್ಲಿ ಹಾಲೆಂಡಿನ ಬೈಜೆರಿಂಕ್ ಇದನ್ನೇ ಪುನಃ ಪರೀಕ್ಷಿಸಿ, ಇದು ಬ್ಯಾಕ್ಟೀರಿಯಾ ಅಲ್ಲ, ಜೀವಂತ ದ್ರವರೂಪದ ಸೋಂಕೆಂದು ಸಾರಿ, ಅದಕ್ಕೆ ‘ವೀರುಸ್’ ಎಂಬ ಹಳೆಯ ಹೆಸರನ್ನೇ ಮೀಸಲಿಟ್ಟನು. ಅದೇ ವರ್ಷ ಜರ್ಮನಿಯಲ್ಲಿ ಲೋಫ್ಲರ್ ಮತ್ತು ಫ್ರಾಷ್ ಎಂಬವರು ದನಗಳ ಕಾಲುಬಾಯಿ ರೋಗದ ಕಾರಣವೂ ಸೋಸುಗವನ್ನು ದಾಟುವುದೆಂದು ತೋರಿಸಿದರು. ಬಹುಕಾಲ ಇವುಗಳಿಗೆ ‘ಸೋಸುಗ ದಾಟುವ ವೈರಸ್’ ಎಂದೇ ಹೆಸರು. ಕ್ರಮೇಣ ವಿಶೇಷಣ ಉದುರಿ ವಿಶೇಷ್ಯ ಮಾತ್ರ ಉಳಿಯಿತು. ೧೯೩೫ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದನ್ನು ಹರಳಾಗಿಸಿದನು. ೧೯೩೯ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಅದರ ಆಕಾರವನ್ನು ಕಾಣಿಸಿತು. ದ್ರವವೆಂದು ಹೆಸರು ಪಡೆದದ್ದು ಕಣವೆಂದು ಸಿದ್ಧವಾಯಿತು. ಹೆಸರು ಮಾತ್ರ ಬದಲಾಗಲಿಲ್ಲ.

೩. ಕೊರಿಯದ ಎರಡು ರೂಪಗಳು

ಈ ಅರ್ಥಪರಿವರ್ತನೆ ನಡೆಯುತ್ತಿದ್ದಾಗಲೇ ಶಬ್ದವು ಪೂರ್ವ ಏಷ್ಯವನ್ನು ತಲುಪಿತು. ಜಪಾನ್ ಸರಕಾರ ೧೮೭೦ರ ಸುಮಾರಿಗೆ ಜರ್ಮನ್ ವೈದ್ಯಪದ್ಧತಿಯನ್ನು ಆರಿಸಿಕೊಂಡು, ೧೮೭೧ರಲ್ಲಿ ಮುಲ್ಲರ್ ಮತ್ತು ಹಾಫ್‌ಮನ್ ಎಂಬ ಜರ್ಮನ್ ವೈದ್ಯರನ್ನು ಕರೆಸಿಕೊಂಡಿತು. ಅಲ್ಲಿಂದ ಮುಂದೆ ಜಪಾನಿನ ವೈದ್ಯರ ಪರಿಭಾಷೆಯಲ್ಲಿ ಜರ್ಮನ್ ಶಬ್ದಗಳು ತುಂಬಿಕೊಂಡವು. ಜರ್ಮನರು ‘ವೀರುಸ್’ ಎಂದು ಉಚ್ಚರಿಸುವುದನ್ನು ಜಪಾನೀಯರು ‘ಬೀರುಸು’ ಎಂದು ಬರೆದರು. ಏಕೆಂದರೆ ಅವರ ಭಾಷೆಯಲ್ಲಿ ಆ ವಕಾರವಿಲ್ಲ. ಇದರ ಜತೆಗೆ ಚೀನೀ ಲಿಪಿಚಿಹ್ನೆಗಳಿಂದ ಕಟ್ಟಿದ ‘ರೋಗವಿಷ’ ಎಂಬರ್ಥದ ಸಮಾಸವೂ ಇತ್ತು. ಚೀನದಲ್ಲಿ ‘ಬಿಂಗ್‌ದು’ ಎಂಬ ಆ ಸಮಾಸವೇ ಇಂದಿಗೂ ಅಧಿಕೃತ ಪದ.

ಕೊರಿಯವು ೧೯೧೦ರಿಂದ ೧೯೪೫ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಅಲ್ಲಿಯ ವೈದ್ಯಕೀಯ ಶಿಕ್ಷಣ ಜಪಾನೀ ಭಾಷೆಯಲ್ಲಿ, ಜಪಾನೀ ಗ್ರಂಥಗಳಿಂದ ನಡೆಯಿತು. ಹೀಗಾಗಿ ಜರ್ಮನ್ ಶಬ್ದಗಳು ಜಪಾನಿನ ಬಾಗಿಲಿನಿಂದ ಕೊರಿಯದ ಒಳಗೆ ಬಂದವು. ‘ಅಲ್ಲೆರುಗಿ’ ಎಂಬ ಒಗ್ಗದಿಕೆಯ ಹೆಸರು, ಮುರಿದ ಮೂಳೆಗೆ ಕಟ್ಟುವ ‘ಗಿಪ್ಸು’ ಇವೆಲ್ಲ ಜರ್ಮನ್ ಮೂಲದವು. ‘ಬಿರುಸು’ ಎಂಬುದು ಈ ಗುಂಪಿಗೆ ಸೇರಿದ್ದು. ಅದರ ಈಕಾರವು ಜರ್ಮನ್ನಿನದು, ಬಕಾರವು ವಕಾರವಿಲ್ಲದ ಬಾಯಿಗಳದು, ಕೊನೆಯ ಉಕಾರವು ಸಕಾರಾಂತವನ್ನು ಒಪ್ಪದ ನಾಲಗೆಯದು. ಒಂದು ಚಿಕ್ಕ ಶಬ್ದದ ಒಂದೊಂದು ಅಕ್ಷರದಲ್ಲಿ ಒಂದೊಂದು ದೇಶದ ಗುರುತು ನಿಂತಿದೆ.

೧೯೪೫ರ ಅನಂತರ ದೇಶ ಎರಡಾಯಿತು. ದಕ್ಷಿಣದಲ್ಲಿ ಅಮೆರಿಕದ ಪ್ರಭಾವ ಬೆಳೆದು, ವೈದ್ಯಕೀಯ ಗ್ರಂಥಗಳು ಇಂಗ್ಲಿಷಿನಿಂದ ಬರತೊಡಗಿದವು. ಇಂಗ್ಲಿಷರು ಮೊದಲ ಸ್ವರವನ್ನು ‘ಐ’ ಎಂದು ಉಚ್ಚರಿಸುವುದರಿಂದ ಅಲ್ಲಿ ‘ಬಾಇರೊಸು’ ಎಂಬ ಹೊಸ ರೂಪ ನೆಲೆಗೊಂಡಿತು. ಉತ್ತರದಲ್ಲಿ ಹಳೆಯ ರೂಪವೇ ಉಳಿಯಿತು. ೧೯೬೬ರಿಂದ ಉತ್ತರ ಕೊರಿಯ ತನ್ನ ಭಾಷೆಯಿಂದ ಪರಕೀಯ ಶಬ್ದಗಳನ್ನು ಹೊರಹಾಕುವ ಚಳುವಳಿಯನ್ನು ಕೈಗೊಂಡರೂ ‘ಬಿರುಸು’ ಹೊರಬೀಳಲಿಲ್ಲ. ೨೦೨೦ರಲ್ಲಿ ಎರಡು ಸರಕಾರಗಳೂ ಒಂದೇ ರೋಗವನ್ನು ಕುರಿತು ತಮ್ಮ ಜನರಿಗೆ ಎಚ್ಚರಿಕೆ ಕೊಟ್ಟಾಗ, ಒಂದೇ ಮಾತೃಭಾಷೆಯ ಜನ ಎರಡು ಶಬ್ದಗಳನ್ನು ಓದಿದರು.

ಜಪಾನಿನಲ್ಲಿ ಕಥೆ ಬೇರೆಯಾಯಿತು. ೧೯೫೩ರಲ್ಲಿ ಸ್ಥಾಪಿತವಾದ ಅಲ್ಲಿನ ವೈರಸ್‌ಶಾಸ್ತ್ರ ಪರಿಷತ್ತು ಜರ್ಮನ್ ರೂಪವನ್ನೂ ಆಂಗ್ಲ ರೂಪವನ್ನೂ ಬಿಟ್ಟು, ಲ್ಯಾಟಿನ್ ಉಚ್ಚಾರಕ್ಕೆ ಹತ್ತಿರವಾದ ‘ಉಇರುಸು’ ಎಂಬುದನ್ನು ಆರಿಸಿಕೊಂಡಿತು. ‘ಬೀರುಸು’ ರೂಪವನ್ನು ಕೊರಿಯಕ್ಕೆ ದಾಟಿಸಿದ ಭಾಷೆಯೇ ತಾನು ಅದನ್ನು ಕೈಬಿಟ್ಟಿತು. ಉತ್ತರ ಕೊರಿಯ ಉಳಿಸಿಕೊಂಡಿತು. ಎರವಿನ ಶಬ್ದಗಳ ಚರಿತ್ರೆಯಲ್ಲಿ ಇಂಥ ಪ್ರಸಂಗಗಳು ಅಪೂರ್ವವಲ್ಲ. ತವರಿನಲ್ಲಿ ಮರೆತ ಮಾತು ವಲಸೆ ಹೋದವರ ಮನೆಯಲ್ಲಿ ಬಾಳುವುದನ್ನು ಹೊರನಾಡಿನ ಕನ್ನಡಿಗರಿಗೆ ವಿವರಿಸಿ ಹೇಳಬೇಕಾದುದಿಲ್ಲ.

೪. ಕನ್ನಡದ ಕಿವಿ

ಕೊರಿಯದ ಬಾಯಿಯಲ್ಲಿ ವಕಾರವು ಬಕಾರವಾದದ್ದನ್ನು ಕಂಡು ನಗುವ ಕನ್ನಡಿಗನು ಹಳಗನ್ನಡವನ್ನೊಮ್ಮೆ ನೆನೆಯಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡವಾಗುವ ರೀತಿಯನ್ನು ವಿವರಿಸಿದ್ದಾನೆ. ‘ವನ’ವು ‘ಬನ’ವಾಗುತ್ತದೆ, ‘ವರ್ಣ’ವು ‘ಬಣ್ಣ’ವಾಗುತ್ತದೆ, ‘ವಿಷ’ವು ‘ಬಿಸ’ವಾಗುತ್ತದೆ. ಅಂದರೆ ಯಾವ ಮೂಲಧಾತುವನ್ನು ಕೊರಿಯದವರು ಇಪ್ಪತ್ತನೆಯ ಶತಮಾನದಲ್ಲಿ ‘ಬಿರುಸು’ ಎಂದು ಮಾಡಿಕೊಂಡರೋ ಅದೇ ಧಾತುವಿನ ಇನ್ನೊಂದು ಕವಲನ್ನು ಕನ್ನಡಿಗರು ಎಷ್ಟೋ ಶತಮಾನಗಳ ಮೊದಲೇ ‘ಬಿಸ’ ಎಂದು ಮಾಡಿಕೊಂಡಿದ್ದರು. ಎರಡು ಭಾಷೆಗಳಿಗೂ ಸಂಬಂಧವಿಲ್ಲ. ಎರವನ್ನು ತನ್ನ ಬಾಯಿಗೆ ಒಗ್ಗಿಸಿಕೊಳ್ಳುವ ಸ್ವಭಾವ ಮಾತ್ರ ಎರಡರಲ್ಲಿಯೂ ಒಂದೇ.

ಪದಾಂತದಲ್ಲಿಯೂ ಈ ಹೋಲಿಕೆ ಕಾಣುತ್ತದೆ. ಕೊರಿಯದವರು ಇಂಗ್ಲಿಷಿನ ‘ಬಸ್’ ಶಬ್ದಕ್ಕೆ ಉಕಾರದಂಥ ಸ್ವರವೊಂದನ್ನು ಸೇರಿಸಿ ‘ಬೊಸು’ ಎನ್ನುತ್ತಾರೆ; ಕನ್ನಡಿಗರು ‘ಬಸ್ಸು’ ಎನ್ನುತ್ತಾರೆ. ಹಳಗನ್ನಡದ ‘ಕಣ್’, ‘ಬೇರ್’ ಎಂಬ ವ್ಯಂಜನಾಂತಗಳು ಹೊಸಗನ್ನಡದಲ್ಲಿ ‘ಕಣ್ಣು’, ‘ಬೇರು’ ಎಂದಾದ ದಾರಿಯಲ್ಲಿಯೇ ‘ಪ್ಲೇಗು’, ‘ಬಸ್ಸು’, ‘ವೈರಸ್ಸು’ ಎಂಬ ರೂಪಗಳು ಸಿದ್ಧವಾದವು. ಪತ್ರಿಕೆಗಳು ಇಂದು ‘ವೈರಸ್’ ಎಂದು ವ್ಯಂಜನಾಂತವಾಗಿ ಅಚ್ಚು ಹಾಕಿದರೂ, ವಿಭಕ್ತಿ ಪ್ರತ್ಯಯ ಹತ್ತಿದೊಡನೆ ‘ವೈರಸ್ಸಿನ’, ‘ವೈರಸ್ಸಿಗೆ’ ಎಂದು ಸಕಾರ ಇಮ್ಮಡಿಸುವುದು ಕನ್ನಡದ ಒಳನಿಯಮ. ಶಬ್ದವು ಹೊರಗಿನಿಂದ ಬಂದರೂ ಅದರ ನಡಿಗೆ ಕನ್ನಡದ್ದೇ ಆಗಿದೆ.

ಕೊರಿಯದಂತೆ ಕನ್ನಡನಾಡೂ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಅದರ ಗುರುತು ಆರೋಗ್ಯದ ಶಬ್ದಗಳಲ್ಲಿ ಇಂದಿಗೂ ಇದೆ. ಧಾರವಾಡ, ಕಲಬುರಗಿಗಳಲ್ಲಿ ರೋಗಿಯನ್ನು ‘ದವಾಖಾನೆ’ಗೆ ಒಯ್ಯುತ್ತಾರೆ, ಮೈಸೂರಿನಲ್ಲಿ ‘ಆಸ್ಪತ್ರೆ’ಗೆ. ಆದರೆ ‘ವೈರಸ್’ ವಿಷಯದಲ್ಲಿ ಉತ್ತರ ದಕ್ಷಿಣಗಳ ಭೇದ ಹುಟ್ಟಲಿಲ್ಲ. ೧೯೫೬ರ ನವೆಂಬರ್ ೧ರಂದು ನಾಡು ಒಂದಾಯಿತು. ಅದರ ಮರುವರ್ಷವೇ, ಮುಂದೆ ಹೇಳುವಂತೆ, ಮಲೆನಾಡಿನ ಒಂದು ಕಾಡಿನಿಂದ ಈ ಶಬ್ದಕ್ಕೆ ಕನ್ನಡದ ನಂಟು ಬೆಳೆಯಿತು. ಕೊರಿಯದಲ್ಲಿ ಎಲ್ಲೆ ಬಿದ್ದ ಮೇಲೆ ಶಬ್ದ ಎರಡಾಯಿತು. ಕನ್ನಡದಲ್ಲಿ ಎಲ್ಲೆ ಅಳಿದ ಮೇಲೆ ಶಬ್ದ ಹಬ್ಬಿತು.

೫. ‘ವೈರಾಣು’ವಿನ ಗುಣದೋಷಗಳು

‘ವೈರಾಣು’ ಎಂಬ ಸೃಷ್ಟಿ ಇನ್ನೊಂದು ಜಾತಿಯದು. ಇದು ಎರವೂ ಹೌದು, ಅನುವಾದವೂ ಹೌದು. ‘ವೈರ’ ಮತ್ತು ‘ಅಣು’ ಎರಡೂ ಸಂಸ್ಕೃತ. ಸವರ್ಣದೀರ್ಘ ಸಂಧಿಯಿಂದ ‘ವೈರಾಣು’. ‘ಜೀವಾಣು’, ‘ರೋಗಾಣು’ ಮೊದಲಾದ ಪೂರ್ವಪ್ರಯೋಗಗಳ ಅಚ್ಚಿನಲ್ಲಿಯೇ ಇದನ್ನು ಎರೆಯಲಾಗಿದೆ. ಆದರೆ ಮೊದಲ ಪದವನ್ನು ಆರಿಸಿದ್ದು ಅರ್ಥಕ್ಕಾಗಿ ಮಾತ್ರವಲ್ಲ, ಧ್ವನಿಗಾಗಿ. ‘ವೈರಸ್’ ಎಂದು ಕೇಳಿದ ಕಿವಿಗೆ ‘ವೈರ’ವೆಂಬುದು ಅದರ ಒಳಗೇ ಇದ್ದಂತೆ ತೋರುತ್ತದೆ. ಪರಭಾಷೆಯ ಶಬ್ದದ ಧ್ವನಿಯನ್ನು ಸ್ವಭಾಷೆಯ ಅರ್ಥವುಳ್ಳ ಪದಗಳಿಂದ ಹಿಡಿದಿಡುವ ಈ ಕೌಶಲ ಪದನಿರ್ಮಾಣದಲ್ಲಿ ಸುಲಭವಾಗಿ ಕೈಗೂಡುವಂಥದಲ್ಲ. ಹಿಂದಿ ಮರಾಠಿಗಳ ‘ವಿಷಾಣು’ ಅರ್ಥವನ್ನು ಮಾತ್ರ ಹಿಡಿಯಿತು. ಕೊರಿಯದ ‘ಬಾಇರೊಸು’ ಧ್ವನಿಯನ್ನು ಮಾತ್ರ ಹಿಡಿಯಿತು. ‘ವೈರಾಣು’ ಎರಡನ್ನೂ ಹಿಡಿಯಲು ಹೊರಟಿತು.

ಧ್ವನಿಸಾಮ್ಯವು ಮೋಸವನ್ನೂ ಮಾಡಬಲ್ಲುದು. ಉತ್ತರ ಕೊರಿಯದ ‘ಬಿರುಸು’ ಎಂಬುದನ್ನು ಕೇಳಿದ ಕನ್ನಡಿಗನು ಒರಟುತನವೆಂಬರ್ಥದ ಕನ್ನಡದ ‘ಬಿರುಸು’ ಶಬ್ದಕ್ಕೂ ಅದಕ್ಕೂ ನಂಟು ಕಟ್ಟಿದರೆ ಅದು ಶುದ್ಧ ತಪ್ಪು. ಹಾಗೆಯೇ ‘ವೈರ’ಕ್ಕೂ ‘ವೈರಸ್’ಗೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ. ‘ವೈರ’ವು ‘ವೀರ’ ಶಬ್ದದಿಂದ ಹುಟ್ಟಿದ್ದು. ‘ವೈರಸ್’ ‘ವಿಷ’ದ ದಾಯಾದಿ. ಪದದ ರಚನೆಯನ್ನು ಮೆಚ್ಚುವುದು ಬೇರೆ, ಅದನ್ನು ವ್ಯುತ್ಪತ್ತಿಯೆಂದು ನಂಬುವುದು ಬೇರೆ.

ಅರ್ಥದಲ್ಲಿಯೂ ಎರಡು ತೊಡಕುಗಳಿವೆ. ಮೊದಲನೆಯದು, ವೈರಸ್ಸುಗಳೆಲ್ಲವೂ ಮನುಷ್ಯನ ವೈರಿಗಳಲ್ಲ. ೧೯೧೫ರಲ್ಲಿ ಟ್ವಾರ್ಟ್, ೧೯೧೭ರಲ್ಲಿ ಡೆರೆಲ್ ಎಂಬವರು ಬ್ಯಾಕ್ಟೀರಿಯಾಗಳನ್ನೇ ನಾಶಮಾಡುವ ವೈರಸ್ಸುಗಳನ್ನು ಕಂಡುಹಿಡಿದರು. ಅವು ರೋಗಿಗೆ ಮಿತ್ರನಾದರೂ ಆಗಬಲ್ಲವು. ಎರಡನೆಯದು, ಕನ್ನಡದ ವಿಜ್ಞಾನಗ್ರಂಥಗಳಲ್ಲಿ ‘ಅಣು’ ಎಂಬುದು ರಸಾಯನಶಾಸ್ತ್ರದ ನಿಶ್ಚಿತ ಪರಿಭಾಷೆ. ಪರಮಾಣುಗಳು ಕೂಡಿ ಆದದ್ದು ಅಣು. ವೈರಸ್ಸು ಅಂಥ ಒಂದು ಅಣುವಲ್ಲ; ಅನೇಕಾನೇಕ ಅಣುಗಳ ಕಟ್ಟಡ. ಇಲ್ಲಿ ‘ಅಣು’ವಿಗೆ ‘ಅತಿಸೂಕ್ಷ್ಮ ವಸ್ತು’ ಎಂಬ ಹಳೆಯ ಅರ್ಥವನ್ನೇ ಇಟ್ಟುಕೊಳ್ಳಬೇಕಾಗುತ್ತದೆ. ಪಾರಿಭಾಷಿಕ ಪದವು ತನ್ನ ಅವಯವಗಳ ಅರ್ಥಕ್ಕೆ ಪೂರ್ತಿ ಬದ್ಧವಾಗಿರಬೇಕಾಗಿಲ್ಲ. ‘ವೀರುಸ್’ ಎಂಬುದೂ ಮೂಲದಲ್ಲಿ ದ್ರವವೆಂದೇ ಹೇಳುತ್ತಿತ್ತು. ಹೀಗಿರುವಾಗ ಈ ತೊಡಕುಗಳಿಂದ ‘ವೈರಾಣು’ ತ್ಯಾಜ್ಯವಾಗುವುದಿಲ್ಲ. ಅದನ್ನು ಬಳಸುವವರು ಎಚ್ಚರದಿಂದಿರಬೇಕೆಂದು ಮಾತ್ರ ಸಿದ್ಧವಾಗುತ್ತದೆ.

೬. ನಂಜು ಮತ್ತು ಸೋಂಕು

ಇಷ್ಟೆಲ್ಲ ಎರವು ಏಕೆ, ಕನ್ನಡದಲ್ಲಿಯೇ ‘ನಂಜು’ ಇಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದು. ‘ನಂಜು’ ದ್ರಾವಿಡ ಭಾಷೆಗಳ ಸ್ವಂತ ಸೊತ್ತು. ವಿಷವನ್ನುಂಡ ಶಿವನು ನಂಜುಂಡ. ಅವನ ಊರು ನಂಜನಗೂಡು. ಹಾವಿನ ವಿಷ, ಗಾಯ ಕೀವಾಗುವ ಸ್ಥಿತಿ, ಗಾಯವನ್ನು ಕೆರಳಿಸುವ ಆಹಾರದ ಗುಣ ಇವೆಲ್ಲವನ್ನೂ ಈ ಒಂದು ಶಬ್ದವು ಹೊರುತ್ತದೆ. ಪುರಾತನ ಲ್ಯಾಟಿನ್ನಿನ ‘ವೀರುಸ್’ ಶಬ್ದದ ಅರ್ಥವ್ಯಾಪ್ತಿಗೆ ಇಷ್ಟು ಸಮೀಪವಾದ ಇನ್ನೊಂದು ಕನ್ನಡ ಪದವಿಲ್ಲ. ತಮಿಳರು ಇದೇ ಧಾತುವಿನಿಂದ ‘ನಚ್ಚುಯಿರಿ’, ಅಂದರೆ ನಂಜಿನ ಜೀವಿ, ಎಂಬ ಪದವನ್ನು ವೈರಸ್ಸಿಗೆ ಕಟ್ಟಿಕೊಂಡಿದ್ದಾರೆ.

ಕನ್ನಡದಲ್ಲಿ ಅದು ನಡೆಯದೆ ಹೋದದ್ದಕ್ಕೆ ಕಾರಣ, ಆ ಮನೆ ಆಗಲೇ ಭರ್ತಿಯಾಗಿದ್ದುದು. ‘ಗಾಯಕ್ಕೆ ನಂಜಾಯಿತು’ ಎಂಬಲ್ಲಿ ಹೇಳುವ ಸ್ಥಿತಿ ಹೆಚ್ಚಾಗಿ ಬ್ಯಾಕ್ಟೀರಿಯಾಗಳಿಂದ ಆಗುವಂಥದು; ಗಾಯಕ್ಕೆ ಹಚ್ಚುವ ಔಷಧಿಗೆ ‘ನಂಜುನಿರೋಧಕ’ವೆಂಬ ಹೆಸರು ಬಂದುದೂ ಅದರಿಂದಲೇ. ಅದೇ ಶಬ್ದವನ್ನು ವೈರಸ್ಸಿಗೂ ಕೊಟ್ಟಿದ್ದರೆ ಎರಡು ಭಿನ್ನ ಕಾರಣಗಳು ಒಂದೇ ಹೆಸರಿನಲ್ಲಿ ಕಲಸಿಹೋಗುತ್ತಿದ್ದವು.

‘ಸೋಂಕು’ ಶಬ್ದದ ಭಾಗ್ಯ ಬೇರೆ. ಅದರ ಮೂಲಾರ್ಥ ಮುಟ್ಟು, ತಾಗು ಎಂಬುದು. ಗಾಳಿ ಸೋಂಕುತ್ತದೆ, ಬಟ್ಟೆ ಸೋಂಕುತ್ತದೆ, ಹಳ್ಳಿಯ ನಂಬಿಕೆಯಲ್ಲಿ ದೆವ್ವವೂ ಸೋಂಕುತ್ತದೆ. ರೋಗ ಹರಡುವುದಕ್ಕೆ ಲ್ಯಾಟಿನರು ಕಟ್ಟಿದ ‘ಕೊಂತಾಗಿಯೊ’ ಎಂಬ ಪದದಲ್ಲಿಯೂ ‘ಮುಟ್ಟು’ ಎಂಬ ಧಾತುವೇ ಇದೆ. ೨೦೨೦ರಲ್ಲಿ ಕನ್ನಡ ಪತ್ರಿಕೆಗಳು ‘ಸೋಂಕಿತರು’, ‘ಸ್ಪರ್ಶ’, ‘ಸೋಂಕುನಿವಾರಕ’ ಎಂದು ದಿನದಿನವೂ ಬರೆದವು. ಓದುಬಾರದವರಿಗೂ ಅವು ತಿಳಿದವು. ಹೀಗೆ ಕ್ರಿಯೆಗೆ ದೇಶ್ಯ ಶಬ್ದ, ಕಾರಣಕ್ಕೆ ಎರವಿನ ಶಬ್ದ ಎಂಬ ವಿಭಾಗ ತಾನಾಗಿಯೇ ಏರ್ಪಟ್ಟಿತು. ಕೊರಿಯದಲ್ಲಿಯೂ ಸೋಂಕಿಗೆ ‘ಗಮ್ಯೊಮ್’ ಎಂಬ ಹಳೆಯ ಸಮಾಸ, ಕಾರಣಕ್ಕೆ ಎರವಿನ ಪದ ಎಂಬ ಇದೇ ಏರ್ಪಾಡು ಇರುವುದು ಗಮನಾರ್ಹ.

೭. ಕ್ಯಾಸನೂರು ಮತ್ತು ಹಾಂತಾನ್

ಕೊಂಡುಕೊಂಡದ್ದಷ್ಟೇ ಅಲ್ಲ, ಕೊಟ್ಟದ್ದೂ ಇದೆ. ೧೯೫೭ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಹಳದಿ ಜ್ವರವು ಭಾರತಕ್ಕೆ ಕಾಲಿಟ್ಟಿತೋ ಎಂಬ ಭೀತಿಯಿಂದ, ೧೯೫೨ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಧಾವಿಸಿ ಬಂದು ಪರೀಕ್ಷಿಸಿದರು. ಅದು ಹಳದಿ ಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ಸೆಂದು ತಿಳಿಯಿತು. ಕನ್ನಡದ ಒಂದು ಹಳ್ಳಿಯ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಜನರು ಮಾತ್ರ ಅದನ್ನು ‘ಮಂಗನ ಕಾಯಿಲೆ’ ಎಂದರು. ಈ ಹೆಸರಿನಲ್ಲಿ ಒಂದು ಅನ್ಯಾಯವಿದೆ: ಮಂಗವೂ ರೋಗಕ್ಕೆ ತುತ್ತಾದ ಪ್ರಾಣಿಯೇ; ರೋಗವನ್ನು ಕಚ್ಚಿ ದಾಟಿಸುವುದು ಉಣುಗು. ಹೆಸರನ್ನು ನಂಬಿ ಮಂಗಕ್ಕೆ ಹೆದರಿ ಉಣುಗನ್ನು ಮರೆತವನು ಅಪಾಯಕ್ಕೆ ಗುರಿಯಾಗುತ್ತಾನೆ.

ಕೊರಿಯದಲ್ಲಿಯೂ ಇಂಥದೇ ನಡೆಯಿತು. ೧೯೫೧ರಿಂದ ೧೯೫೩ರವರೆಗಿನ ಯುದ್ಧಕಾಲದಲ್ಲಿ ಸಂಯುಕ್ತ ರಾಷ್ಟ್ರಗಳ ಸೈನಿಕರಲ್ಲಿ ಸುಮಾರು ೩೦೦೦ ಮಂದಿ ರಕ್ತಸ್ರಾವದಿಂದ ಕೂಡಿದ ಜ್ವರಕ್ಕೆ ಈಡಾದರು. ೧೯೭೬ರಲ್ಲಿ ಲೀ ಹೋ-ವಾಂಗ್ ಎಂಬ ಕೊರಿಯದ ವಿಜ್ಞಾನಿಯು ಹೊಲದ ಇಲಿಯೊಂದರಲ್ಲಿ ಅದರ ವೈರಸ್ಸನ್ನು ಕಂಡುಹಿಡಿದು, ಸಮೀಪದ ಹಾಂತಾನ್ ನದಿಯ ಹೆಸರನ್ನು ಅದಕ್ಕಿಟ್ಟನು. ಆ ನದಿ ಉತ್ತರದಲ್ಲಿ ಹುಟ್ಟಿ ಎಲ್ಲೆಯನ್ನು ದಾಟಿ ದಕ್ಷಿಣಕ್ಕೆ ಹರಿಯುತ್ತದೆ. ‘ಬಿರುಸು’ ಎನ್ನುವವರಿಗೂ ‘ಬಾಇರೊಸು’ ಎನ್ನುವವರಿಗೂ ಅದು ಸಮಾನ. ಈ ಹೆಸರು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ‘ಹಂಟಾ ವೈರಸ್’ ಎಂದು ಬಂದಿದೆ. ಕೊರಿಯದ ತಕಾರವು ಇಂಗ್ಲಿಷಿನ ಬಾಯಿ ಬಿದ್ದು ಕನ್ನಡದಲ್ಲಿ ಟಕಾರವಾಯಿತು. ಅರ್ಧ ಕೊರಿಯ, ಅರ್ಧ ಲ್ಯಾಟಿನ್ ಆದ ಈ ಸಮಾಸ ಇಂದು ಕನ್ನಡ ಪತ್ರಿಕೆಯ ಪದವಾಗಿದೆ.

ಊರಿನ ಹೆಸರನ್ನು ರೋಗಕ್ಕಿಡುವುದು ಆ ಊರಿಗೆ ಕಳಂಕವೆಂಬ ಅರಿವು ತಡವಾಗಿ ಮೂಡಿತು. ೧೯೯೩ರಲ್ಲಿ ಅಮೆರಿಕದ ನೈರುತ್ಯ ಭಾಗದಲ್ಲಿ ಹಂಟಾ ಜಾತಿಯ ಇನ್ನೊಂದು ವೈರಸ್ಸು ಕಾಣಿಸಿಕೊಂಡಾಗ, ಸ್ಥಳನಾಮಗಳಿಗೆ ನಿವಾಸಿಗಳು ಒಪ್ಪಲಿಲ್ಲ. ಕಡೆಗೆ ಅದಕ್ಕೆ ‘ಸಿನ್ ನೋಂಬ್ರೆ’, ಅಂದರೆ ಸ್ಪಾನಿಷ್ ಭಾಷೆಯಲ್ಲಿ ‘ಹೆಸರಿಲ್ಲದ್ದು’, ಎಂದೇ ಹೆಸರಾಯಿತು. ೨೦೧೫ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊಸ ರೋಗಗಳಿಗೆ ಸ್ಥಳ, ಜನ, ಪ್ರಾಣಿಗಳ ಹೆಸರಿಡಬಾರದೆಂದು ಸಲಹೆ ಮಾಡಿತು. ೨೦೨೦ರ ಫೆಬ್ರವರಿ ೧೧ರಂದು ‘ಕೋವಿಡ್-೧೯’ ಎಂಬ ಹೆಸರನ್ನು ಸಾರಿದ್ದು ಈ ಸಲಹೆಗೆ ಅನುಸಾರವಾಗಿಯೇ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ‘ವೈರಸ್’ ಪರಕೀಯವೆಂದು ದೂರ ಮಾಡಲು ಕಾರಣವಿಲ್ಲ. ಅದು ‘ವಿಷ’ದ ದಾಯಾದಿ, ಕನ್ನಡದ ಸಂಧಿ ವಿಭಕ್ತಿಗಳಿಗೆ ಅದು ಒಗ್ಗಿದೆ, ಗಣಕಯಂತ್ರಕ್ಕೆ ತಗಲುವ ಪಿಡುಗಿಗೂ ವಾಡಿಕೆಯಲ್ಲಿ ಅದೇ ಹೆಸರು. ‘ವೈರಾಣು’ವೂ ಶಾಸ್ತ್ರಗ್ರಂಥಗಳ ಸಮಾಸಗಳಿಗೆ ಉಪಯುಕ್ತವಾದದ್ದು, ‘ವೈರಾಣುಶಾಸ್ತ್ರ’ ಎಂಬಂಥ ಪದಗಳು ಅದರಿಂದ ಸರಾಗವಾಗಿ ಸಿದ್ಧವಾಗುತ್ತವೆ. ಎರಡು ರೂಪಗಳಿರುವುದು ದೋಷವಲ್ಲ. ಕೊರಿಯದಂತೆ ಒಂದು ರೂಪದವರಿಗೆ ಇನ್ನೊಂದು ಅಪರಿಚಿತವಾಗದಿದ್ದರೆ ಸಾಕು.

ನಿಜವಾದ ದೋಷವಿರುವುದು ಬೇರೆಡೆ. ಮಾತಿನಲ್ಲಿಯೂ ಬರಹದಲ್ಲಿಯೂ ‘ಕ್ರಿಮಿ’, ‘ರೋಗಾಣು’ ಎಂಬ ಶಬ್ದಗಳನ್ನು ಬ್ಯಾಕ್ಟೀರಿಯಾಗಳಿಗೂ ವೈರಸ್ಸಿಗೂ ಭೇದವೆಣಿಸದೆ ಹೇಳುವ ರೂಢಿಯಿದೆ. ಇದು ಕೇವಲ ಪದಗಳ ಗೊಂದಲವಲ್ಲ. ಪೆನಿಸಿಲಿನ್ ಮೊದಲಾದ ಪ್ರತಿಜೈವಿಕಗಳು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತವೆ. ವೈರಸ್ಸಿನ ಮೇಲೆ ಮಾಡುವುದಿಲ್ಲ. ‘ಕ್ರಿಮಿ ಹೊಕ್ಕಿದೆ, ಕ್ರಿಮಿ ಸಾಯುವ ಮಾತ್ರೆ ಕೊಡಿ’ ಎಂದು ಸಾಮಾನ್ಯ ನೆಗಡಿಗೂ ಕೇಳುವವನು ತನಗೆ ಬೇಡದ ಔಷಧಿಯನ್ನು ನುಂಗುತ್ತಾನೆ; ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ದಾರಿಯನ್ನೂ ಮಾಡಿಕೊಡುತ್ತಾನೆ. ಮರಾಠಿಯು ‘ಜೀವಾಣೂ’, ‘ವಿಷಾಣೂ’ ಎಂದು ಎರಡನ್ನೂ ಬೇರ್ಪಡಿಸಿ, ಶಾಲೆಯ ಪುಸ್ತಕದಲ್ಲಿಯೇ ಕಲಿಸುತ್ತದೆ. ವಾಶಿ, ಠಾಣೆ, ಡೊಂಬಿವಿಲಿಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳು ಈ ಭೇದವನ್ನು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಬಲ್ಲರು. ಅದೇ ಭೇದವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಹೇಳಲು ಬೇಕಾದ ಪದಗಳೂ ಸಿದ್ಧವಾಗಿವೆ: ಒಂದು ‘ಬ್ಯಾಕ್ಟೀರಿಯಾ’, ಇನ್ನೊಂದು ‘ವೈರಸ್ಸು’, ಎರಡರಿಂದಲೂ ಆಗುವುದು ‘ಸೋಂಕು’. ಈ ಮೂರನ್ನು ಬೆರೆಸದೆ ಬಳಸುವುದೇ ಶಬ್ದವಿಚಾರದ ಪ್ರಯೋಜನ.